ಆಪ್ತಸಲಹೆ ಪ್ರಕರಣ: 300 ಕಾರ್ಡು, 41 ಅಂಕ

ನೀಲಾ ನನ್ನ ಕೋಣೆಗೆ ಬಂದು ಕುಳಿತಾಗ ಮೊದಲು ಕೇಳಿದ್ದು ಕೆಮಿಸ್ಟ್ರಿ ಬಗ್ಗೆ ಅಲ್ಲ. "ನೀವು ಕನ್ನಡ ಕೂಟಕ್ಕೆ ಹೋಗ್ತೀರಾ?" ಅಂತ ಕೇಳಿದಳು. (ಹೆಸರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ.)

ಅವಳ ಭಯ ಅರ್ಥವಾಯಿತು. ನಾನು ಕೆಲಸ ಮಾಡುವುದು ಅಮೆರಿಕದ ಒಂದು ವಿಶ್ವವಿದ್ಯಾಲಯದ ಆಪ್ತಸಲಹಾ ಕೇಂದ್ರದಲ್ಲಿ. ಇಲ್ಲಿ ಊರು ದೊಡ್ಡದು, ಕನ್ನಡದವರ ಬಳಗ ಚಿಕ್ಕದು. ಯುಗಾದಿ ಊಟಕ್ಕೆ ಹೋದರೆ ಎಲ್ಲರಿಗೂ ಎಲ್ಲರೂ ಗೊತ್ತು. ನಾನು ಹೇಳಿದೆ: "ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರ ಸಹಾಯ ತಗೋತೀನಿ, ಅದನ್ನೂ ನಿನಗೆ ಹೇಳಿಯೇ." ಇನ್ನೊಂದು ವಿಷಯವನ್ನೂ ತಿಳಿಸಿದೆ. ಫರ್ಪಾ ಎಂಬ 1974ರ ಕಾನೂನಿನ ಪ್ರಕಾರ, ಕಾಲೇಜು ಸೇರಿದ ಮೇಲೆ ಅಂಕಗಳ ದಾಖಲೆಯ ಮೇಲಿನ ಹಕ್ಕು ವಿದ್ಯಾರ್ಥಿಯದು. ಕೆಲವು ವಿನಾಯಿತಿ ಬಿಟ್ಟರೆ, ಅವಳ ಒಪ್ಪಿಗೆ ಇಲ್ಲದೆ ಕಾಲೇಜು ಅದನ್ನು ಅಪ್ಪ ಅಮ್ಮನಿಗೂ ಕೊಡುವುದಿಲ್ಲ. ಆಮೇಲೆ ಅವಳು ಬ್ಯಾಗಿನಿಂದ ಉತ್ತರ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟಳು. ಆರ್ಗ್ಯಾನಿಕ್ ಕೆಮಿಸ್ಟ್ರಿ, ಮೊದಲ ಮಿಡ್‌ಟರ್ಮ್. ನೂರಕ್ಕೆ 41.

ಊರಿನ ಓದುಗರಿಗೆ ಇಲ್ಲಿನ ದಾರಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು, ಸೀಟು ಸಿಕ್ಕರೆ ನೇರ ಎಂಬಿಬಿಎಸ್. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ. ಆಮೇಲೆ ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ, ಮತ್ತೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲು. ಪ್ರೀಮೆಡ್ ಅನ್ನುವುದು ಒಂದು ಡಿಗ್ರಿಯಲ್ಲ, ಆ ದಾರಿಯಲ್ಲಿ ಹೊರಟವರಿಗೆ ಇರುವ ಹೆಸರು. ಜೀವಶಾಸ್ತ್ರ, ಫಿಸಿಕ್ಸ್, ಕೆಮಿಸ್ಟ್ರಿ ಎಲ್ಲ ಓದಿರಬೇಕು. ಅದರಲ್ಲಿ ಎರಡನೇ ವರ್ಷ ಬರುವ ಆರ್ಗ್ಯಾನಿಕ್ ಅಂದರೆ ಜರಡಿ ಇದ್ದ ಹಾಗೆ ಎಂದು ಹುಡುಗರು ಮೊದಲ ದಿನದಿಂದಲೇ ಮಾತಾಡಿಕೊಳ್ಳುತ್ತಾರೆ.

ನೀಲಾ ಸೋಮಾರಿ ಅಲ್ಲ. ರಾತ್ರಿ ಎರಡರವರೆಗೂ ಲೈಬ್ರರಿಯಲ್ಲಿ ಕೂರುತ್ತಿದ್ದಳು. ನಿದ್ದೆ ನಾಲ್ಕೈದು ಗಂಟೆ. ಸ್ನೇಹಿತರ ಜೊತೆ ಊಟಕ್ಕೆ ಹೋಗುವುದನ್ನೂ ಬಿಟ್ಟಿದ್ದಳು. ಪ್ರತಿ ರಿಯಾಕ್ಷನ್‌ಗೂ ಒಂದೊಂದು ಕಾರ್ಡ್ ಬರೆದಿದ್ದಳು, ಸುಮಾರು 300. ಭಾನುವಾರ ಮನೆಯಿಂದ ವಿಡಿಯೋ ಕಾಲ್ ಬಂದಾಗ "ಎಲ್ಲಾ ಚೆನ್ನಾಗಿದೆ ಅಪ್ಪ" ಅನ್ನುತ್ತಿದ್ದಳು. ಆ ಮಾತು ಹೇಳಿದ ರಾತ್ರಿ ಮಾತ್ರ ನಿದ್ದೆಯೇ ಬರುತ್ತಿರಲಿಲ್ಲವಂತೆ.

ಇಂಥ ಹೊತ್ತಿನಲ್ಲಿ ನಾನು ಸುತ್ತಿ ಬಳಸಿ ಮಾತಾಡುವುದಿಲ್ಲ. "ಬದುಕೇ ಬೇಡ ಅನ್ನಿಸಿದ್ದು ಉಂಟಾ?" ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳದೆ ಇದ್ದರೇ ಒಳಗಿನ ಮಾತು ಒಳಗೇ ಉಳಿಯುತ್ತದೆ. ನೀಲಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ. ಆದರೆ ಬೆಳಗ್ಗೆ ಏಳೋಕೆ ಮನಸ್ಸೇ ಬರಲ್ಲ" ಎಂದಳು. ಹಾಗಿದ್ದರೂ 988 ಎಂಬ ಆತ್ಮಹತ್ಯೆ ತಡೆ ಸಹಾಯವಾಣಿಯ ಸಂಖ್ಯೆಯನ್ನು ಅವಳ ಫೋನಿಗೆ ಹಾಕಿಸಿದೆ. ಅಮೆರಿಕದಲ್ಲಿ ಯಾರು ಬೇಕಾದರೂ ಹಗಲು ರಾತ್ರಿ ಅದಕ್ಕೆ ಫೋನ್ ಮಾಡಬಹುದು, ಮೆಸೇಜ್ ಕಳಿಸಬಹುದು.

ಆಮೇಲೆ ಓದಿನ ವಿಷಯಕ್ಕೆ ಬಂದೆವು. ನಾನು ಕೆಮಿಸ್ಟ್ರಿ ಓದಿದವಳಲ್ಲ. ಅದಕ್ಕೇ ಒಂದು ಬಿಳಿ ಹಾಳೆ ಕೊಟ್ಟು, "ಒಂದು ರಿಯಾಕ್ಷನ್ ನನಗೆ ಪಾಠ ಮಾಡು" ಎಂದೆ. ಅವಳು ಎಡಕ್ಕೆ ಒಂದು ಅಣು, ಬಲಕ್ಕೆ ಇನ್ನೊಂದು ಅಣು ಬಿಡಿಸಿದಳು. "ಇದು ಅದಾಗೋದು ಯಾಕೆ?" ಎಂದು ಕೇಳಿದೆ. ಪೆನ್ನು ನಿಂತಿತು. ಕಾರ್ಡಿನಲ್ಲಿ ಮೊದಲು ಇತ್ತು, ಕೊನೆ ಇತ್ತು. ನಡುವಿನದು ಇರಲಿಲ್ಲ.

ಚಿಕ್ಕವಳಿದ್ದಾಗ ಭಾನುವಾರದ ಕನ್ನಡ ತರಗತಿಗೆ ಹೋಗುತ್ತಿದ್ದೆ ಎಂದು ಅವಳೇ ಹೇಳಿದ್ದಳು. ಅದನ್ನೇ ಹಿಡಿದು ಕೇಳಿದೆ: "ಕಾಗುಣಿತ ಹೇಗೆ ಕಲಿತೆ? 34 ವ್ಯಂಜನಕ್ಕೆ ಕಾ ಕಿ ಕೀ ಕು ಅಂತ ಅಷ್ಟೂ ಅಕ್ಷರಕ್ಕೆ ಒಂದೊಂದು ಕಾರ್ಡ್ ಬರೆದಿದ್ಯಾ?" ಇಲ್ಲ ಎಂದಳು. ಗುಡಿಸು ಎಲ್ಲಿ ಬರುತ್ತೆ, ಕೊಂಬು ಹೇಗೆ ಬರುತ್ತೆ ಎಂದು ಕಲಿತಳು, ಕೈಯಲ್ಲಿ ತಿದ್ದಿದಳು. ಆಮೇಲೆ ಯಾವ ಅಕ್ಷರ ಬಂದರೂ ಬರೆದಳು. ಆರ್ಗ್ಯಾನಿಕ್‌ನಲ್ಲಿ ಆ ಗುಡಿಸು, ಕೊಂಬಿನ ಜಾಗದಲ್ಲಿ ಇರುವುದು ಬಾಗಿದ ಬಾಣಗಳು. ಎಲೆಕ್ಟ್ರಾನ್ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಬಾಣ ಹೋಗುತ್ತದೆ. 1922ರಿಂದ ಆ ಬಾಣಗಳು ಬಳಕೆಯಲ್ಲಿವೆ. ನೀಲಾ ಅವನ್ನು ಚಿತ್ರದ ಅಲಂಕಾರ ಎಂದುಕೊಂಡು ಬಿಟ್ಟುಬಿಟ್ಟಿದ್ದಳು!

ಮುಂದಿನ ವಾರ ಬಂದವಳು ನನಗೆ ನಿಜವಾಗಿ ಪಾಠ ಮಾಡಿದಳು. ಒಂದು ಕಾರ್ಬನ್‌ಗೆ ಬ್ರೋಮಿನ್ ಅಂಟಿಕೊಂಡಿದೆ. ಅದರ ಜಾಗಕ್ಕೆ ಬರುವ ಹೊಸ ಗುಂಪು ಬ್ರೋಮಿನ್‌ನ ಎದುರು ಬದಿಯಿಂದ, ಅಂದರೆ ಬೆನ್ನ ಕಡೆಯಿಂದ ಬರಬೇಕು. ಆ ಕಾರ್ಬನ್ ಸುತ್ತ ಹೈಡ್ರೋಜನ್‌ಗಳೇ ಇದ್ದರೆ ದಾರಿ ಸಲೀಸು. ಮೂರು ಕಡೆಯೂ ದೊಡ್ಡ ಗುಂಪುಗಳಿದ್ದರೆ ನುಗ್ಗಲು ಜಾಗವೇ ಇಲ್ಲ. ಆಗ ಬ್ರೋಮಿನ್ ಮೊದಲು ತಾನಾಗಿ ಕಳಚಿಕೊಂಡು ಹೋಗಬೇಕು, ಆಮೇಲೆ ಹೊಸಬರ ಪ್ರವೇಶ. "ಎಸ್ಎನ್2, ಎಸ್ಎನ್1 ಅಂದ್ರೆ ಇಷ್ಟೇ" ಎಂದು ತಲೆಯೆತ್ತಿದಾಗ ಅವಳ ಮುಖದಲ್ಲಿ ನಾನು ಮೊದಲ ಸಲ ಗೆಲುವು ಕಂಡೆ.

ಅವಳಿಗೆ ಕೊಟ್ಟ ಸಲಹೆ ಹೀಗಿತ್ತು. ಮತ್ತೆ ಮತ್ತೆ ಓದುವುದು ಕಡಿಮೆ ಮಾಡು, ಪುಸ್ತಕ ಮುಚ್ಚಿ ಬಿಡಿಸುವುದು ಜಾಸ್ತಿ ಮಾಡು. ಎಡವಿದ ಕಡೆ ಮಾತ್ರ ತೆರೆದು ನೋಡು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಐದು ನಿಮಿಷದ ನಂತರ ಕೇಳಿದರೆ, ಎರಡೆರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಒಮ್ಮೆ ಓದಿ ಆಮೇಲೆ ನೋಡದೆ ನೆನಪಿಸಿ ಬರೆದವರು ಮುಂದೆ ಹೋದರು. ನೀಲಾಗೆ ಇದನ್ನು ಹೇಳಲೇಬೇಕಿತ್ತು. ಓದುವಾಗ ಎಲ್ಲ ಗೊತ್ತು ಅನ್ನಿಸಿ, ಪರೀಕ್ಷೆಯಲ್ಲಿ ಏನೂ ಬಾರದಾಗ, ಅವಳು ತನ್ನನ್ನೇ ದಡ್ಡಿ ಎಂದು ಬೈದುಕೊಳ್ಳುತ್ತಿದ್ದಳು. ದೋಷ ಇದ್ದದ್ದು ಓದುವ ರೀತಿಯಲ್ಲಿ.

ಪಾಠ ಆದ ದಿನ ಸಂಜೆಯೇ ಒಂದು ಗಂಟೆ ಕೂರಬೇಕು, ರಾತ್ರಿ ಹನ್ನೆರಡಕ್ಕೆ ದೀಪ ಆರಿಸಬೇಕು ಎಂದು ಒಪ್ಪಿಕೊಂಡೆವು. ನಾಲ್ಕೈದು ಜನರ ಓದಿನ ಗುಂಪು ಸೇರು ಎಂದೂ ಹೇಳಿದ್ದೆ. ಅದು ಸರಿಹೋಗಲಿಲ್ಲ. ಅಲ್ಲಿ ಚುರುಕಾಗಿ ಉತ್ತರಿಸುವವರ ನಡುವೆ ಅವಳು ಇನ್ನಷ್ಟು ಮುದುಡಿದಳು. ಗುಂಪು ಬಿಡಿಸಿ, ಒಬ್ಬಳೇ ಗೆಳತಿಯ ಜೊತೆ ಖಾಲಿ ತರಗತಿಯ ಬೋರ್ಡಿನ ಮುಂದೆ ನಿಲ್ಲಲು ಹೇಳಿದೆ. ಇದು ಹೊಂದಿತು.

ಪ್ರೊಫೆಸರ್ ಹತ್ತಿರ ಹೋಗುವುದಕ್ಕೆ ಅವಳಿಗೆ ನಾಚಿಕೆ. ಇಲ್ಲಿ ಪ್ರೊಫೆಸರ್‌ಗಳು ವಾರದಲ್ಲಿ ಇಂತಿಷ್ಟು ಹೊತ್ತು ವಿದ್ಯಾರ್ಥಿಗಳಿಗೆಂದೇ ಬಾಗಿಲು ತೆರೆದಿಟ್ಟಿರುತ್ತಾರೆ. "ಅರ್ಥ ಆಗಲಿಲ್ಲ" ಎಂದು ಹೇಳುವುದೇ ಅವಳಿಗೆ ಕಷ್ಟ. ಅದರ ಬದಲು ತಾನು ಬಿಡಿಸಿದ ಹಾಳೆ ತೋರಿಸಿ, "ಇಲ್ಲಿವರೆಗೆ ಬಂದೆ, ಮುಂದಿನ ಬಾಣ ಯಾಕೆ ಹೀಗೆ?" ಎಂದು ಕೇಳುವುದನ್ನು ನನ್ನೆದುರೇ ಎರಡು ಸಲ ಆಡಿ ನೋಡಿದಳು. ಹೋಗಿಬಂದಳು.

ಕೋರ್ಸ್ ಬಿಟ್ಟುಬಿಡಲೇ ಎಂದೂ ಕೇಳಿದಳು. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ, ಮೊದಲು ಅದನ್ನು ನೋಡಿಕೊಂಡೆವು. ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಎಂದು ಬರುತ್ತದೆ, ಸರಾಸರಿಗೆ ಪೆಟ್ಟಿಲ್ಲ. ಬಿಡದೆ ಕಡಿಮೆ ಅಂಕ ತೆಗೆದು ಮತ್ತೆ ಓದಿದರೆ, ಎಂ.ಡಿ. (ಇಲ್ಲಿ ಡಾಕ್ಟರ್ ಆಗಲು ಓದುವ ಮೊದಲ ವೈದ್ಯ ಪದವಿ) ಕಾಲೇಜುಗಳ ಸಾಮಾನ್ಯ ಅರ್ಜಿಯಲ್ಲಿ ಎರಡೂ ಸಲದ ಅಂಕ ಲೆಕ್ಕಕ್ಕೆ ಬರುತ್ತದೆ. ಎಂಕ್ಯಾಟ್‌ನ ಎರಡು ಭಾಗಗಳಲ್ಲಿ ಆರ್ಗ್ಯಾನಿಕ್ ಪಾಲು ಸುಮಾರು ಶೇ 15 ಮತ್ತು ಶೇ 5 ಮಾತ್ರ ಎಂದಾಗ ಅವಳು ನಂಬಲಿಲ್ಲ. ಎರಡನೇ ಮಿಡ್‌ಟರ್ಮ್ ನೋಡಿ, ಗಡುವಿನೊಳಗೆ ತೀರ್ಮಾನಿಸೋಣ ಎಂದೆ.

ಎಲ್ಲಕ್ಕಿಂತ ಕಷ್ಟದ್ದು ಭಾನುವಾರದ ಕರೆ. ಹೇಳು ಎಂದು ನಾನು ಒತ್ತಾಯ ಮಾಡಲಿಲ್ಲ. ಮೂರನೇ ವಾರ ಅವಳೇ ಹೇಳಿದಳು: "ಅಪ್ಪ, ಕೆಮಿಸ್ಟ್ರಿ ಕಷ್ಟ ಆಗ್ತಿದೆ. 41 ಬಂತು. ಸಹಾಯ ತಗೋತಿದೀನಿ." ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಈಗ ಏನ್ ಮಾಡ್ಬೇಕು ಅಂತಿದೀಯ ಪುಟ್ಟಿ?" ಎಂದರು. ಅಮ್ಮ ಎರಡು ದಿನ ಮುನಿಸಿಕೊಂಡರು. ಅಂಕಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಮೂರನೇ ದಿನ ಊಟ ಆಯ್ತಾ ಎಂದು ಮೆಸೇಜ್ ಬಂತು.

ಎರಡನೇ ಮಿಡ್‌ಟರ್ಮ್‌ನಲ್ಲಿ 63. ಕೋರ್ಸ್ ಬಿಡಲಿಲ್ಲ. ಕೊನೆಗೆ ಬಿ ಮೈನಸ್ ಬಂತು.

ಡಾಕ್ಟರ್ ಆಗುವುದು ಯಾರ ಆಸೆ ಎಂಬ ಪ್ರಶ್ನೆಯನ್ನು ನಾನು ಡಿಸೆಂಬರ್‌ವರೆಗೂ ಇಟ್ಟುಕೊಂಡಿದ್ದೆ. ಸೋತ ವಾರದಲ್ಲಿ ಕೇಳಿದರೆ ಉತ್ತರ ಬರುವುದು ನೋವಿನಿಂದ. ಆಗ ತಗೊಂಡ ತೀರ್ಮಾನವನ್ನು ನಾನು ನಂಬುವುದಿಲ್ಲ. ಕೊನೆಯ ಭೇಟಿಯಲ್ಲಿ ಕೇಳಿದೆ. "ಮೊದಲು ಅಪ್ಪಂದು. ಈಗ ನಂದೂ ಇರಬಹುದು, ಗೊತ್ತಿಲ್ಲ" ಎಂದಳು. ಬೇಸಿಗೆಯಲ್ಲಿ ಒಂದು ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡಿ ನೋಡುತ್ತಾಳಂತೆ. ಜನವರಿಯಲ್ಲಿ ಶುರುವಾಗುವ ಆರ್ಗ್ಯಾನಿಕ್ ಎರಡನೇ ಭಾಗಕ್ಕೆ ಹೆಸರು ಕೊಟ್ಟಾಗಿದೆ, ಬೋರ್ಡಿನ ಮುಂದೆ ನಿಲ್ಲುವ ಗೆಳತಿಯೂ ಅದೇ ತರಗತಿ.