ತೆಳ್ಳಗಿದ್ದರೂ ಮಧುಮೇಹದ ಭಯವಿದೆಯೇ?

ಪ್ರಶ್ನೆ: ನನ್ನ ತಂದೆಗೂ ಇಬ್ಬರು ದೊಡ್ಡಪ್ಪಂದಿರಿಗೂ ಮಧುಮೇಹವಿದೆ. ನನಗೆ 34 ವರ್ಷ, ತೆಳ್ಳಗಿದ್ದೇನೆ. ನನಗೂ ಬರಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ತೆಳ್ಳಗಿರುವುದನ್ನೇ ರಕ್ಷಣೆಯೆಂದು ದಯವಿಟ್ಟು ನಂಬಿ ಕೂರಬೇಡಿ. ಪುಣೆಯ ಸಂಶೋಧಕ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಹಾಗೂ ಬ್ರಿಟನ್ನಿನ ಸಹೋದ್ಯೋಗಿಯೊಬ್ಬರ ಚಿತ್ರವನ್ನು ಒಟ್ಟಿಗೆ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ತೋರಿಸುವ ಬಿಎಂಐ ಇಬ್ಬರಿಗೂ 22.3 ಆಗಿದ್ದರೂ, ದೇಹದ ಕೊಬ್ಬು ಆ ಸಹೋದ್ಯೋಗಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2 ಇತ್ತು. ಹೊಟ್ಟೆಯೊಳಗೆ ಸೇರುವ ಕೊಬ್ಬು ಸಪೂರ ಕೈಕಾಲು ನೋಡಿದರೆ ತಿಳಿಯದು, ಆದರೆ ಇನ್ಸುಲಿನ್ನಿನ ಕೆಲಸವನ್ನು ಕುಂದಿಸುತ್ತದೆ.

ವಂಶವಾಹಿಗಳ ಪಾತ್ರವೂ ನಿಜ. ಟಿಸಿಎಫ್7ಎಲ್2 ಎಂಬ ವಂಶವಾಹಿಯ ಒಂದು ರೂಪಭೇದಕ್ಕೂ ಮಧುಮೇಹಕ್ಕೂ ನಂಟಿದೆಯೆಂದು 2006ರಲ್ಲಿ ಕಂಡುಬಂತು. ಆದರೆ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಆಹಾರ, ವ್ಯಾಯಾಮ ಮತ್ತು ತೂಕ ಇಳಿಕೆಯಿಂದ ಕಾಯಿಲೆ ಬರುವ ಸಾಧ್ಯತೆ ಶೇ. 58ರಷ್ಟು ತಗ್ಗಿದಾಗ, ಆ ರೂಪಭೇದವನ್ನು ಹೊತ್ತವರಿಗೂ ಲಾಭ ದೊರೆತಿತ್ತು. ನಿಮ್ಮಂಥವರಿಗೆ ನಾನು ಮತ್ತೆ ಮತ್ತೆ ಹೇಳಬಯಸುವುದು ಇದನ್ನೇ.

ಸೊಂಟದ ಸುತ್ತಳತೆ ನೋಡಿಕೊಳ್ಳಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯನ್ನು ಈಗಲೇ ಮಾಡಿಸಿ. ಕುಚ್ಚಲಕ್ಕಿ ಗಂಜಿ ಬಿಡಬೇಕಾಗಿಲ್ಲ. ಬಟ್ಟಲು ಚಿಕ್ಕದಾಗಲಿ, ಜೊತೆಗೆ ಹೆಸರುಕಾಳಿನ ಪಲ್ಯ ಹೆಚ್ಚಿರಲಿ.