ಓಬವ್ವನ್ನ ಬಿಟ್ಟು ಬರೀರಿ

ನಮಸ್ಕಾರ ರೀ,

ರೋಗದ ಜೊತೆ ದೇಹ ಹೆಂಗೆ ಹೋರಾಡುತ್ತೆ ಅಂತ ಚಿತ್ರದುರ್ಗದಿಂದ ನೀವು ಬರೆದು ಕಳಿಸಿದ ಲೇಖನ ‘ದೇಹವೆಂಬ ಏಳು ಸುತ್ತಿನ ಕೋಟೆ’ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಭಾಷೆ ಚೆನ್ನಾಗಿದೆ, ಓದಿಸ್ಕೊಂಡು ಹೋಗುತ್ತೆ, ತೊಂದ್ರೆ ಏನಂದ್ರೆ ಓದಿಸ್ಕೊಂಡು ಹೋಗಿ ತಪ್ಪು ಜಾಗದಲ್ಲಿ ಇಳಿಸುತ್ತೆ.

ನಿಮ್ಮ ಲೇಖನದಲ್ಲಿ ಚರ್ಮ ಅಂದ್ರೆ ಕೋಟೆ ಗೋಡೆ, ರೋಗಾಣು ಅಂದ್ರೆ ಹೈದರಾಲಿ ಸೈನ್ಯ, ಬಿಳಿ ರಕ್ತಕಣ ಅಂದ್ರೆ ಕಿಂಡಿ ಹತ್ರ ಒನಕೆ ಹಿಡಿದು ನಿಂತ ಓಬವ್ವ. ದುರ್ಗದೋರು ಈ ವಿಷಯ ಬರೆಯೋಕೆ ಕೂತ್ರೆ ಓಬವ್ವ ಬರದೇ ಇರ್ತಾಳಾ, ಒಪ್ಕೋತೀನಿ (ನಮ್ಮ ದಾವಣಗೆರೆಯೋರಾಗಿದ್ರೆ ಇದರಲ್ಲೂ ಬೆಣ್ಣೆದೋಸೆ ತುರುಕ್ತಿದ್ರು ಬಿಡ್ರಿ). ಆದ್ರೆ ಅದನ್ನೇ ಹಿಡ್ಕೊಂಡು ಟಿಬಿ ವಿಷಯಕ್ಕೆ ಬಂದ್ರಲ್ಲ, ಅಲ್ಲಿ ಇಡೀ ಲೇಖನ ಕುಸೀತು.

ನೀವು ಬರೆದ ಹಾಗೆ ಟಿಬಿ ಬ್ಯಾಕ್ಟೀರಿಯಾ ಕಾವಲಿನವರ ಕಣ್ಣು ತಪ್ಪಿಸಿ ಒಳಗೆ ನುಸುಳಲ್ಲ ರೀ. ಶ್ವಾಸಕೋಶದಲ್ಲಿ ಮ್ಯಾಕ್ರೋಫೇಜ್ ಅನ್ನೋ ಕಾವಲು ಕಣ (ಬಿಳಿ ರಕ್ತಕಣದ ಕಡೇದೇ) ಅದನ್ನ ನುಂಗುತ್ತೆ, ಅದಕ್ಕೂ ಬೇಕಾಗಿರೋದು ಅದೇ. ಬೇರೆ ಸೂಕ್ಷ್ಮಾಣು ಆಗಿದ್ರೆ ನುಂಗಿದ ಮೇಲೆ ಒಂದು ಚೀಲದೊಳಗೆ ಸೇರುತ್ತೆ, ಆಮ್ಲ ಮತ್ತೆ ಕಿಣ್ವ ತುಂಬಿರೋ ಲೈಸೋಸೋಮ್ ಅನ್ನೋ ಇನ್ನೊಂದು ಚೀಲ ಬಂದು ಆ ಚೀಲಕ್ಕೆ ಕೂಡ್ಕೊಳ್ಳುತ್ತೆ, ಅಲ್ಲಿಗೆ ಅದರ ಕಥೆ ಮುಗೀತು. ಟಿಬಿದು ಆ ಕೂಡೋದನ್ನೇ ತಡೆದು, ತನ್ನನ್ನ ಕೊಲ್ಲಬೇಕಾಗಿದ್ದ ಕಣದೊಳಗೇ ಸಂಸಾರ ಹೂಡುತ್ತೆ. ಅವಸರಾನೂ ಇಲ್ಲ ಅದಕ್ಕೆ, ಅನುಕೂಲ ಸಿಕ್ಕಾಗ ಕರುಳಲ್ಲಿರೋ ಈ.ಕೋಲೈ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಒಂದು ಹೋಗಿ ಎರಡಾದ್ರೆ ಇದಕ್ಕೆ ಹತ್ರಹತ್ರ 20 ಗಂಟೆ ಬೇಕು. ದೇಹವೂ ಸುಮ್ನೆ ಕೂರಲ್ಲ, ಸುತ್ತ ಕಣಗಳ ಗಂಟು ಕಟ್ಟುತ್ತೆ, ಗ್ರ್ಯಾನುಲೋಮ ಅಂತಾರೆ, ಎಷ್ಟೋ ಜನರಲ್ಲಿ ಎರಡೂ ಕಡೆಯೋರು ಹಂಗೇ ವರ್ಷಗಟ್ಟಲೆ ಇದ್ದುಬಿಡ್ತಾರೆ. ಸೋಂಕು ತಗುಲಿದ 100 ಜನರಲ್ಲಿ ಜೀವಮಾನ ಪೂರ್ತಿ ಲೆಕ್ಕ ಹಾಕಿದ್ರೂ 5ರಿಂದ 10 ಜನಕ್ಕೆ ಮಾತ್ರ ಕಾಯಿಲೆ ಬರೋದು, ಶುಗರ್, ಎಚ್‌ಐವಿ, ಹೊಟ್ಟೆಗೆ ಸರಿಯಾಗಿ ಊಟ ಇಲ್ಲದಿರೋದು, ಇಂಥವು ಇದ್ರೆ ಜಾಸ್ತಿ. ಇನ್ನೊಂದು ಮಾತು ನೀವು ಮುಟ್ಟೇ ಇಲ್ಲ: ಶ್ವಾಸಕೋಶದಲ್ಲಿ ಬೀಳೋ ಕುಳಿ ಬಹುಪಾಲು ನಮ್ಮದೇ ರಕ್ಷಣಾ ವ್ಯವಸ್ಥೆ ರೊಚ್ಚಿಗೆದ್ದು ಮಾಡ್ಕೊಂಡಿರೋದು, ಆ ಕುಳಿ ಶ್ವಾಸನಾಳದ ಕಡೆ ಬಾಯಿ ತೆರೆದಾಗ ಕೆಮ್ಮಿನ ಜೊತೆ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಗೆ ಬಂದು ಮುಂದಿನವರಿಗೆ ದಾಟೋದು. ಈಗ ಹೇಳ್ರಿ, ಇಲ್ಲಿ ಓಬವ್ವ ಯಾರು, ಹೈದರಾಲಿ ಕಡೆಯೋರು ಯಾರು?

ಇಷ್ಟು ಬರೆಯೋಕೆ ಜಾಗ ಎಲ್ಲಿ ಅಂತೀರಾ? ರಾಬರ್ಟ್ ಕಾಖ್ ಜೀವನಚರಿತ್ರೆಗೆ ಒಂದೂವರೆ ಪುಟ ಕೊಟ್ಟಿದೀರಿ. 1882ರ ಮಾರ್ಚ್ 24ಕ್ಕೆ ಬರ್ಲಿನ್‌ನಲ್ಲಿ ಈ ಬ್ಯಾಕ್ಟೀರಿಯಾ ತೋರಿಸಿದ್ರು, ಸಾಕು.

‘ಇಮ್ಯುನಿಟಿ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೇದು’ ಅಂತ ಬರೆದಿದೀರಲ್ಲ, ಅದರ ಪಕ್ಕ ಡೆಂಗ್ಯೂ ಇಟ್ಟು ನೋಡ್ರಿ. ಅದರಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದೋರಿಗೆ ಇನ್ನೊಂದು ಬಗೆ ತಗುಲಿದ್ರೆ, ಹಳೇ ಆಂಟಿಬಾಡಿ (ಮೊದಲ ಸಲ ದೇಹ ಮಾಡ್ಕೊಂಡ ರಕ್ಷಣೆಯ ಪ್ರೋಟೀನ್) ಹೋಗಿ ಹೊಸ ವೈರಸ್‌ಗೆ ಅಂಟ್ಕೊಳ್ಳುತ್ತೆ, ಆದ್ರೆ ಕಟ್ಟಿಹಾಕೋಕೆ ಆಗಲ್ಲ, ಬದಲಿಗೆ ಕಣದೊಳಗೆ ಹೋಗೋಕೆ ಅದೇ ದಾರಿ ಮಾಡ್ಕೊಡಬಹುದು. ಎರಡನೇ ಸಲದ ಡೆಂಗ್ಯೂ ಕೆಲವರಿಗೆ ಜೋರಾಗೋದು ಹಿಂಗೂ ಆಗುತ್ತೆ. ಮತ್ತೆ ಅಪಾಯ ಬರೋದು ಬಹಳ ಸಲ ಜ್ವರ ಇಳಿಯೋ ಹೊತ್ತಿಗೇ, ರಕ್ತನಾಳದಿಂದ ದ್ರವ ಸೋರೋಕೆ ಶುರುವಾದಾಗ. ನಮ್ಮೂರಲ್ಲಿ ಯಾವ ನರ್ಸಿಂಗ್ ಹೋಮ್ ಮುಂದೆ ನಿಂತ್ರೂ ‘ಪ್ಲೇಟ್‌ಲೆಟ್ ಎಷ್ಟೈತಿ’ ಅನ್ನೋದೊಂದೇ ಮಾತು, ಇದನ್ನ ಯಾರೂ ಕೇಳಲ್ಲ, ನೀವಾದ್ರೂ ಬರೀರಿ.

‘ಪ್ರತಿ ರೋಗಾಣುವಿನ ಗುರಿ ಮನುಷ್ಯನ ಸಾವು’ ಅನ್ನೋ ಸಾಲು ಕೇಳೋಕೆ ಭರ್ಜರಿ, ಆದ್ರೆ ಸುಳ್ಳು. ಎಬೋಲಾ ತರೋಕೆ ಆಫ್ರಿಕಾದವರೆಗೂ ಹೋದೋರು ಪಕ್ಕದ ಶಿವಮೊಗ್ಗ ಜಿಲ್ಲೆ ಮರೆತ್ರಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ಮಂಗನ ಕಾಯಿಲೆ ವೈರಸ್ ಇರೋದು ರಕ್ತ ಹೀರೋ ಉಣ್ಣೆಹುಳಗಳಲ್ಲಿ, ಕಾಡಿನ ಸಣ್ಣಪುಟ್ಟ ಪ್ರಾಣಿಗಳಲ್ಲಿ. ಮನುಷ್ಯರಿಂದ ಮನುಷ್ಯರಿಗೆ ಅದು ಹರಡಲ್ಲ, ನಾವು ಸತ್ರೆ ವೈರಸ್‌ಗೆ ಕಿಲುಬು ಕಾಸಿನ ಲಾಭ ಇಲ್ಲ, ನಮ್ಮೊಳಗೆ ಬಂದ್ರೆ ಅದರ ದಾರಿನೇ ಮುಚ್ಚಿಹೋಯ್ತು. ಹಂಗಿದ್ರೂ ಜನ ಸಾಯ್ತಾರೆ. ಇದನ್ನ ಯುದ್ಧ ಅಂತ ಹೆಂಗೆ ಬರೀತೀರಿ?

ಕೊನೇಲಿ ಇರೋ ಕಷಾಯದ ಪ್ಯಾರಾ ಪೂರ್ತಿ ತೆಗೀರಿ, ಆಧಾರ ಒಂದೂ ಇಲ್ಲ. 800 ಪದದೊಳಗೆ ಬರಲಿ, ಮೂರೂ ಕಾಯಿಲೆ ಬೇಡ ಅನಿಸಿದ್ರೆ ಟಿಬಿ ಒಂದೇ ಸಾಕು, ನಂಗೆ ಅದೇ ಇಷ್ಟ. ಕಳ್ಸೋ ಮುಂಚೆ ಗೊತ್ತಿರೋ ಡಾಕ್ಟರ್ ಯಾರಿಗಾದ್ರೂ ಒಂದ್ಸಲ ತೋರಿಸ್ರಿ. ಆಮೇಲೆ ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡ್ರಿ, ನುಡಿ ಫಾಂಟ್ ಫೈಲ್ ನನ್ನ ಫೋನಲ್ಲಿ ತೆಗೆದ್ರೆ ಒತ್ತಕ್ಷರ ಎಲ್ಲಾ ದಿಕ್ಕಾಪಾಲು.