ಜಾಸ್ತಿ ಎಳೆದು ಬಿಟ್ರೂ ಸ್ಪ್ರಿಂಗ್ ಅಷ್ಟೇ ಟೈಮ್ ತಗೊಳ್ಳೋದು ಯಾಕೆ?

ಪ್ರಶ್ನೆ: ಸರ್, ನಾನು ಫಸ್ಟ್ ಪಿಯುಸಿ. ಸರಳ ಸಂಗತ ಚಲನೆಯಲ್ಲಿ (ಸ್ಪ್ರಿಂಗಿಗೆ ಕಟ್ಟಿದ ಗುಂಡು ಆಡೋ ಥರದ ಚಲನೆ) ಟೈಮ್ ಪೀರಿಯಡ್, ಅಂದ್ರೆ ಒಂದು ಸಲ ಹೋಗಿ ಬರೋ ಟೈಮ್, ಆಂಪ್ಲಿಟ್ಯೂಡ್ ಮೇಲೆ, ಅಂದ್ರೆ ಎಷ್ಟು ದೂರ ಎಳೆದು ಬಿಟ್ವಿ ಅನ್ನೋದರ ಮೇಲೆ, ಡಿಪೆಂಡ್ ಆಗಲ್ಲ ಅಂತಾರೆ. ಜಾಸ್ತಿ ಎಳೆದ್ರೆ ಜಾಸ್ತಿ ದೂರ ಓಡಾಡ್ಬೇಕು, ಟೈಮೂ ಜಾಸ್ತಿ ಹಿಡೀಬೇಕಲ್ವಾ? ಫಾರ್ಮುಲಾ ಬಾಯಿಪಾಠ ಆಗಿದೆ, ಕಾರಣ ಹೊಳೀತಿಲ್ಲ.

ಉತ್ತರ: ತುಂಬಾ ಒಳ್ಳೆ ಪ್ರಶ್ನೆ ಕಣಪ್ಪಾ, ಈ ಪಾಠದ ಜೀವಾನೇ ಇದು. ದೂರ ಜಾಸ್ತಿ ಆಗೋದು ನಿಜ, ಆದ್ರೆ ಎಳೆದಷ್ಟೂ ಸ್ಪ್ರಿಂಗ್ ವಾಪಸ್ ಎಳೆಯೋ ಬಲಾನೂ ಕರೆಕ್ಟಾಗಿ ಅಷ್ಟೇ ಪಟ್ಟು ಏರುತ್ತೆ.

ಲೆಕ್ಕ ಹಾಕಿ ನೋಡು. ಸ್ಪ್ರಿಂಗ್ ಕಾನ್‌ಸ್ಟಂಟ್ ಮೀಟರಿಗೆ 20 ನ್ಯೂಟನ್ (ಒಂದು ಮೀಟರ್ ಎಳೆಯೋಕೆ ಇಷ್ಟು ಬಲ ಬೇಕು ಅಂತ), ತೂಗುಹಾಕಿರೋ ಗುಂಡು 200 ಗ್ರಾಂ ಅಂದ್ಕೋ. ಅದು ಸುಮ್ನೆ ನಿಂತಿರೋ ಜಾಗದಿಂದ 2 ಸೆಂಟಿಮೀಟರ್ ಎಳೆದು ಬಿಟ್ರೆ ಬಲ 0.4 ನ್ಯೂಟನ್, ಮಧ್ಯಕ್ಕೆ ಬಂದಾಗ ವೇಗ ಸೆಕೆಂಡಿಗೆ 20 ಸೆಂಟಿಮೀಟರ್. 4 ಸೆಂಟಿಮೀಟರ್ ಎಳೆದ್ರೆ ಬಲ 0.8 ಆಗುತ್ತೆ, ವೇಗ 40 ಆಗುತ್ತೆ, ದಾರಿಯ ಒಂದೊಂದು ಹಂತದಲ್ಲೂ ವೇಗ ಡಬಲ್ ಇರುತ್ತೆ, ದೂರಾನೂ ಡಬಲ್, ಹಂಗಾಗಿ ಎರಡು ಸಲಾನೂ ಒಂದು ಸುತ್ತಿಗೆ ಸುಮಾರು 0.63 ಸೆಕೆಂಡೇ.

ಬಲ ಹಿಂಗೆ ಏರದೇ ಇದ್ರೆ ಏನಾಗುತ್ತೆ ಅಂತಾನೂ ನೋಡ್ಬೇಕು, ಆಗ್ಲೇ ಪೂರ್ತಿ ಅರ್ಥ ಆಗೋದು. ನೆಲಕ್ಕೆ ಬಿದ್ದು ಪುಟಿಯೋ ಚೆಂಡು ತಗೋ, ಅದೂ ಮೇಲೆ ಕೆಳಗೆ ಹೋಗ್ತಾನೇ ಇರುತ್ತೆ ಆದ್ರೆ ಗಾಳೀಲಿರುವಾಗ ಅದರ ಮೇಲಿನ ಬಲ ಎಷ್ಟೇ ಎತ್ತರದಲ್ಲೂ ಒಂದೇ, ಅದಕ್ಕೇ ನಾಲ್ಕು ಪಟ್ಟು ಎತ್ತರದಿಂದ ಬಿಟ್ರೆ ಕೆಳಗೆ ಬರೋಕೆ ಎರಡು ಪಟ್ಟು ಟೈಮ್ ಬೇಕು. ಇದು ಆವರ್ತ ಚಲನೆಗೆ (ಒಂದೇ ಟೈಮಲ್ಲಿ ಮತ್ತೆ ಮತ್ತೆ ಆಗೋ ಚಲನೆ) ಹತ್ತಿರ ಇರಬಹುದು, ಸರಳ ಸಂಗತ ಅಂತೂ ಅಲ್ಲವೇ ಅಲ್ಲ. ಪಾಠದಲ್ಲಿ ಸೈನ್ ಕರ್ವ್‌ಗಿಂತ ಮೊದಲು ಈ ವ್ಯತ್ಯಾಸಾನೇ ಹೇಳ್ಕೊಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಲೋಲಕದ, ಅಂದ್ರೆ ದಾರಕ್ಕೆ ಕಟ್ಟಿ ತೂಗೋ ಗುಂಡಿನ, ವಿಷಯದಲ್ಲಿ ಸ್ವಲ್ಪ ಹುಷಾರು. ಎಷ್ಟೇ ಅಗಲಕ್ಕೆ ತೂಗಿದ್ರೂ ಟೈಮ್ ಒಂದೇ ಅಂತ ಗೆಲಿಲಿಯೊ ನಂಬಿದ್ದ, ಆದ್ರೆ ಅಲ್ಲಿ ಬಲ ಕೋನದ ಸೈನ್‌ಗೆ ತಕ್ಕಂತೆ ಏರುತ್ತೆ, ಕೋನ ದೊಡ್ಡದಾದಷ್ಟೂ ಆ ಏರಿಕೆ ಹಿಂದೆ ಬೀಳುತ್ತೆ. 5 ಡಿಗ್ರೀಲಿ ತಪ್ಪು ಕಾಣೋದೇ ಇಲ್ಲ, 30 ಡಿಗ್ರೀಲಿ ಟೈಮ್ ಸುಮಾರು 1.7 ಪರ್ಸೆಂಟ್ ಜಾಸ್ತಿ, 90ರಲ್ಲಿ ಹೆಚ್ಚುಕಮ್ಮಿ 18 ಪರ್ಸೆಂಟ್. 1 ಮೀಟರ್ ಲೋಲಕಕ್ಕೆ 20 ಸುತ್ತು ಎಣಿಸಿದ್ರೆ ಸುಮಾರು 40 ಸೆಕೆಂಡ್ ಬರ್ಬೇಕು, ಲ್ಯಾಬಲ್ಲಿ ನಿಂಗೆ ಇನ್ನೂ ಜಾಸ್ತಿ ಬರ್ತಿದ್ರೆ ಮೊದಲು ದಾರದ ಉದ್ದಾನ ಗುಂಡಿನ ಮಧ್ಯದವರೆಗೂ ಅಳೆದಿದೀಯಾ ನೋಡು, ಆಮೇಲೆ ಕೋನ ಕಮ್ಮಿ ಮಾಡು.